ಕಾಲು ಮುರಿಯಬೇಕಾದದ್ದು ಯಾರದು?

ಮೊನ್ನೆ ರಾತ್ರಿ ಓದುತ್ತಿದ್ದ, ಜೇನ್ ಆಸ್ಟಿನ್‌ಳ 'ಪ್ರೈಡ್ ಆ್ಯಂಡ್ ಪ್ರೆಜುಡಿಸ್'ನ ಮರುಕಥನವೊಂದರಲ್ಲಿ ಎಲಿಜಬೆತ್ ಬೆನೆಟ್ ನವೆಂಬರ್ 22ರಂದು ಓಕಮ್ ಮೌಂಟ್ ಗುಡ್ಡ ಇಳಿಯುವಾಗ ಜಾರಿ ಬಿದ್ದು ಕಾಲು ಉಳುಕಿಸಿಕೊಂಡಳು. ಹಿಮ್ಮಡಿಯಿಂದ ಮೇಲಕ್ಕೆ ಬಾತುಕೊಂಡಿತು, ನೆಲಕ್ಕೆ ಊರಲಾಗದು. ಅದೇ ಹೊತ್ತಿಗೆ ಕುದುರೆ ಮೇಲೆ ಬಂದ ಡಾರ್ಸಿ ಎತ್ತಿಕೊಂಡ. ಇಲ್ಲಿಯವರೆಗೆ ನನ್ನದೇನೂ ತಕರಾರಿಲ್ಲ. ಇಂಥದ್ದಕ್ಕಾಗಿಯೇ ಅಲ್ಲವೇ ನಿದ್ದೆಗೆಟ್ಟು ಓದುವುದು. ಆದರೆ 26ರ ರಾತ್ರಿ ನೆದರ್‌ಫೀಲ್ಡಿನ ನೃತ್ಯಕೂಟದಲ್ಲಿ ಅದೇ ಎಲಿಜಬೆತ್ ಅದೇ ಕಾಲಿನಲ್ಲಿ ಡಾರ್ಸಿಯ ಜೊತೆ ಅರ್ಧ ಗಂಟೆ ಕುಣಿದಳು. ಒಂದು ಸಲವೂ ಮುಖ ಕಿವುಚಲಿಲ್ಲ. ನಾನು ಹಾಸಿಗೆಯಲ್ಲಿ ಎದ್ದು ಕೂತೆ. ನಾಲ್ಕು ದಿನ! ನಮ್ಮತ್ತೆ ಬಚ್ಚಲಲ್ಲಿ ಜಾರಿ ಉಳುಕಿಸಿಕೊಂಡ ಕಾಲಿಗೆ ತಿಂಗಳಾದರೂ ಕ್ರೇಪ್ ಬ್ಯಾಂಡೇಜು ಸುತ್ತುತ್ತಿದ್ದರು. ಅವರಿಗೆ ಯಾವ ಕೂಟದಲ್ಲೂ ಕುಣಿಯುವ ಕೆಲಸ ಇರಲಿಲ್ಲ.

26ನೇ ತಾರೀಖನ್ನು ಮುಟ್ಟುವ ಧೈರ್ಯ ಯಾರಿಗೂ ಇಲ್ಲ, ಒಪ್ಪಿದೆ. ಮೂಲ ಕಾದಂಬರಿಯಲ್ಲೇ ಡಾರ್ಸಿಯ ಗೆಳೆಯ ಬಿಂಗ್ಲಿ ಎಷ್ಟೋ ತಿಂಗಳಾದ ಮೇಲೆ ಎಲಿಜಬೆತ್ ಸಿಕ್ಕಾಗ, ಆ ಕುಣಿತ ನವೆಂಬರ್ 26ಕ್ಕೆ ನಡೆದದ್ದೆಂದು ತಾರೀಖಿನ ಸಮೇತ ಹೇಳಿಬಿಡುತ್ತಾನೆ. ಪಾಪ, ಅವಳ ಅಕ್ಕ ಜೇನ್‌ಳನ್ನು ಎಷ್ಟು ನೆನೆಸಿಕೊಂಡಿದ್ದಾನೆಂದು ಅಷ್ಟರಲ್ಲೇ ಗೊತ್ತಾಗುತ್ತದೆ. ಸರಿ, ಕುಣಿತವನ್ನು ಮುಂದೂಡುವಂತಿಲ್ಲ. ಬೀಳುವುದನ್ನಾದರೂ ಹಿಂದಕ್ಕೆ ಹಾಕಬಹುದಿತ್ತಲ್ಲ? ಅಂದಹಾಗೆ ಆ ಓಕಮ್ ಮೌಂಟ್ ಬಗ್ಗೆ ಒಂದು ಮಾತು. ಮೂಲದಲ್ಲಿ ಅದು ಕಥೆ ಮುಗಿಯುವ ಹೊತ್ತಿಗೆ, ಡಾರ್ಸಿಯನ್ನು ಮನೆಯಿಂದ ಸಾಗಹಾಕಲು ಬೆನೆಟ್ ಅಮ್ಮನವರು ಸೂಚಿಸುವ ಒಂದು ವಾಕಿಂಗಿನ ಜಾಗ, ಅಷ್ಟೆ. ಮರುಕಥನಕಾರರ ಕೈಗೆ ಸಿಕ್ಕ ಮೇಲೆ ಅಲ್ಲಿ ಬೀಳದ ನಾಯಕಿಯಿಲ್ಲ. ಇಷ್ಟು ಜನ ಜಾರಿದ ಮೇಲೂ ಯಾರೂ ಒಂದು ಕಟಕಟೆ ಹಾಕಿಸಿಲ್ಲ.

ನಾನೂ ಈ ಪೈಕಿಯವಳೇ. ಓದುತ್ತೇನೆ, ಒಂದಿಷ್ಟು ಬರೆಯುತ್ತೇನೆ ಕೂಡ. ಧಾರವಾಡದ ನನ್ನ ಗೆಳತಿಯೂ ನಾನೂ ನೋಟ್‌ಬುಕ್ಕು ಅದಲುಬದಲು ಮಾಡಿಕೊಂಡು ಒಬ್ಬರದನ್ನೊಬ್ಬರು ಬೈಯುತ್ತೇವೆ. ಬರೆದಾದ ಕಥೆಯನ್ನು ಮತ್ತೆ ಯಾಕೆ ಬರೆಯುವುದು ಎಂದು ಕೇಳುವವರಿಗೆ ನನ್ನ ಉತ್ತರ ಸಿದ್ಧವಾಗಿದೆ. ರಾಮಾಯಣದ ಕವಿಗಳ ಭಾರಕ್ಕೆ ಆದಿಶೇಷ ತಿಣುಕಿದನೆಂದು ಕುಮಾರವ್ಯಾಸ ಹೇಳಿದ್ದುಂಟು. ಅಷ್ಟು ಹೊತ್ತವನಿಗೆ ಡಾರ್ಸಿಯ ಪೆಂಬರ್ಲಿ ಬಂಗಲೆ ಒಂದು ಹೆಚ್ಚೇ? ಇಂಗ್ಲಿಷಿನಲ್ಲಿ 1913ರ ಸುಮಾರಿಗೆ ಸಿಬಿಲ್ ಬ್ರಿಂಟನ್ ಎಂಬಾಕೆ ಆಸ್ಟಿನ್‌ಳ ಆರೂ ಕಾದಂಬರಿಗಳ ಪಾತ್ರಗಳನ್ನು ಒಂದೇ ಕಥೆಯಲ್ಲಿ ಸೇರಿಸಿ ಮದುವೆ ಮಾಡಿಸಿದಳು. ಅಂದಿನಿಂದ ಈ ಛತ್ರ ಖಾಲಿಯಾಗಿಲ್ಲ.

ನನ್ನ ಜಗಳ ಬೇರೆಯದು. ಈ ಪೆಟ್ಟು, ಶುಶ್ರೂಷೆ, ಚೇತರಿಕೆ, ಪ್ರೇಮದ ಕಥೆ ಹೆಣೆಯುವವರೆಲ್ಲ ಪೆಟ್ಟನ್ನು ತಪ್ಪು ವಿಳಾಸಕ್ಕೆ ಕಳಿಸುತ್ತಾರೆ. ಪ್ರೀತಿಸಬೇಕಾದ ಇಬ್ಬರಲ್ಲೇ ಒಬ್ಬರನ್ನು ಬೀಳಿಸುತ್ತಾರೆ. ಆಸ್ಟಿನ್ ಹಾಗೆ ಮಾಡಿದವಳಲ್ಲ. ನೆದರ್‌ಫೀಲ್ಡಿನಲ್ಲಿ ಮಳೆಯಲ್ಲಿ ನೆನೆದು ಮಲಗಿದವಳು ಜೇನ್. ಮೂರು ಮೈಲಿ ಕೆಸರು ತುಳಿದು ಬಂದ ಎಲಿಜಬೆತ್‌ಗೆ ಏನೂ ಆಗಿಲ್ಲ, ಗಟ್ಟಿಮುಟ್ಟಾಗಿದ್ದಾಳೆ. ಮಹಡಿಯಲ್ಲಿ ಅಕ್ಕನಿಗೆ ಜ್ವರ, ಕೆಳಗೆ ದೀವಾನಖಾನೆಯಲ್ಲಿ ತಂಗಿಯ ವಾದ. ಡಾರ್ಸಿಗೆ ಸೋಂಕು ತಗುಲಿದ್ದು ಕೆಳಗೆ. ಶನಿವಾರದ ಹೊತ್ತಿಗೆ ಆಸಾಮಿ ಎಷ್ಟು ಹೆದರಿಹೋಗಿದ್ದಾನೆಂದರೆ, ಕೋಣೆಯಲ್ಲಿ ಇಬ್ಬರೇ ಅರ್ಧ ಗಂಟೆ ಕೂತಿದ್ದರೂ ಪುಸ್ತಕದಿಂದ ತಲೆ ಎತ್ತುವುದಿಲ್ಲ.

'ಪರ್ಸುಯೇಷನ್' ನೋಡಿ. ಲೈಮ್ ಊರಿನ ಕಾಬ್ ಕಟ್ಟೆಯ ಮೆಟ್ಟಿಲಿಂದ ವೆಂಟ್‌ವರ್ತ್‌ನ ಕೈಗೆ ಹಾರುತ್ತೇನೆಂದು ಹಟ ಹಿಡಿದು, ಎರಡನೇ ಸಲ ಅರೆಕ್ಷಣ ಮೊದಲೇ ಹಾರಿ, ಕಲ್ಲುಹಾಸಿನ ಮೇಲೆ ತಲೆ ಒಡೆದುಕೊಂಡವಳು ಲೂಯಿಸಾ. ಗಂಡಸರೆಲ್ಲ ಕಂಗಾಲು. ಸರ್ಜನ್ನನ್ನು ಕರೆಸಿ ಎಂದವಳು ನಾಯಕಿ ಆ್ಯನ್. ಯಾರು ಓಡಬೇಕು, ಯಾರಿಗೆ ಊರಿನ ದಾರಿ ಗೊತ್ತು ಎಂಬುದನ್ನೂ ಯೋಚಿಸಿದವಳು ಅವಳೇ. ಅವಳ ಮೇಲೆ ಎಂಟು ವರ್ಷ ಸಿಟ್ಟಿನಲ್ಲಿದ್ದ ವೆಂಟ್‌ವರ್ತ್‌ಗೆ ಅಲ್ಲಿ ಕಣ್ಣು ತೆರೆಯುತ್ತದೆ. ಬಿದ್ದವಳಿಗೆ ಸಿಕ್ಕಿದ್ದೇನು? ಅವಳನ್ನು ಮಲಗಿಸಿದ ಮನೆಯಲ್ಲೇ ಕವಿತೆ ಓದಿಕೊಂಡು ಮಂಕಾಗಿ ಕೂತಿದ್ದ ಬೆನ್‌ವಿಕ್. ಬಾಗಿಲು ಸ್ವಲ್ಪ ಜೋರಾಗಿ ಹಾಕಿದರೂ ಅವಳೀಗ ಬೆಚ್ಚುತ್ತಾಳಂತೆ, ಅವನು ಪಕ್ಕದಲ್ಲಿ ಕೂತು ಪದ್ಯ ಓದುತ್ತಾನಂತೆ. ಹಾಸಿಗೆಯ ಪಕ್ಕದ ಪ್ರೇಮದ ಬಗ್ಗೆ ಆಸ್ಟಿನ್‌ಳ ಅಭಿಪ್ರಾಯ ಇದಕ್ಕಿಂತ ಸ್ಪಷ್ಟವಾಗಿ ಬೇಕೇ? ಬಿದ್ದ ಹುಡುಗಿಯನ್ನು ಎತ್ತಿಕೊಂಡು ಬರುವ ಸುಂದರಾಂಗನೂ ಅವಳಲ್ಲಿದ್ದಾನೆ: 'ಸೆನ್ಸ್ ಆ್ಯಂಡ್ ಸೆನ್ಸಿಬಿಲಿಟಿ'ಯಲ್ಲಿ ಮೇರಿಯನ್‌ಳನ್ನು ಮಳೆಯಲ್ಲಿ ಗುಡ್ಡದಿಂದ ಹೊತ್ತು ತಂದ ವಿಲೋಬಿ. ಅವನ ಯೋಗ್ಯತೆ ಆಮೇಲೆ ಊರಿಗೆಲ್ಲ ಗೊತ್ತಾಯಿತು. ಕೊನೆಗೆ ಅವಳಿಗೆ ಗಂಡನಾದದ್ದು ಫ್ಲಾನೆಲ್ ಜಾಕೀಟಿನ ಕರ್ನಲ್ ಬ್ರ್ಯಾಂಡನ್. ಜ್ವರ ವಿಕೋಪಕ್ಕೆ ಹೋದಾಗ ರಾತ್ರೋರಾತ್ರಿ ಗಾಡಿ ಹೂಡಿಸಿಕೊಂಡು ಅವಳ ತಾಯಿಯನ್ನು ಕರೆತರಲು ಹೋದವನು. ಹೊತ್ತು ತಂದವನನ್ನಲ್ಲ, ಅಮ್ಮನನ್ನು ಕರೆತಂದವನನ್ನು ನಂಬು ಎಂದು ನಮ್ಮ ಹಿರಿಯರೂ ಹೇಳುತ್ತಿದ್ದರೇನೋ.

ಹಾಗಾಗಿ ನನ್ನ ಕಥೆಯಲ್ಲಿ ಕಾಲು ಮುರಿದದ್ದು ಕಾಲಿನ್ಸ್‌ಗೆ.

ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಧಾರವಾಡದವಳು ಇನ್ನೂ ಒಪ್ಪಿಲ್ಲ. ಬೆನೆಟ್ ಮನೆಯ ನೆಂಟ, ಪಾದ್ರಿ ಕಾಲಿನ್ಸ್ ಬಂದ ಮಾರನೆಯ ದಿನ ಬೆನೆಟ್ ಹುಡುಗಿಯರು ಅವನೊಂದಿಗೆ ಮೆರಿಟನ್ ಪೇಟೆಗೆ ಹೋಗುತ್ತಾರಲ್ಲ, ಬಿಂಗ್ಲಿಯೂ ಡಾರ್ಸಿಯೂ ಕುದುರೆ ಮೇಲೆ ಎದುರಾಗುತ್ತಾರಲ್ಲ, ಅಲ್ಲಿ. ಕಿರಿಯವಳು ಲಿಡಿಯಾ ಡಾರ್ಸಿಯ ಹೆಸರು ಕೂಗುತ್ತಾಳೆ. ತನ್ನ ಅನ್ನದಾತೆ ಲೇಡಿ ಕ್ಯಾಥರೀನ್‌ಳ ಸೋದರಿಯ ಮಗ ಇವನೇ ಎಂದು ಕಾಲಿನ್ಸ್‌ಗೆ ಹೊಳೆಯುತ್ತದೆ. ನಮಸ್ಕರಿಸುತ್ತ ಹಿಂದೆ ಹಿಂದೆ ಸರಿಯುತ್ತಾನೆ, ಮೂರನೇ ನಮಸ್ಕಾರಕ್ಕೆ ಮೋರಿ. ಡಾರ್ಸಿಯ ಕುದುರೆ ಬೆದರಿ ಹಿಂಗಾಲಿಗೆ ನಿಂತದ್ದರಿಂದ ಅಪರಾಧದಲ್ಲಿ ಅವನಿಗೂ ಅರ್ಧ ಪಾಲು. ಮೊಣಕಾಲಿನ ಕೆಳಗಿನ ಮೂಳೆ ಮುರಿದಿದೆ. ಆರು ವಾರ ಬೆನೆಟ್‌ರ ಲಾಂಗ್‌ಬೋರ್ನ್ ಮನೆ ಬಿಟ್ಟು ಕದಲುವಂತಿಲ್ಲ. ಇದರಿಂದ ಎಷ್ಟು ಕೆಲಸ ಸಲೀಸಾಯಿತು ನೋಡಿ. ಡಾರ್ಸಿ ಮರ್ಯಾದೆಗಾದರೂ ದಿನಾ ಬಂದು ವಿಚಾರಿಸಬೇಕು. ರೋಗಿಯ ಕೋಣೆಯಲ್ಲಿ ಹತ್ತು ಜನ ಇರುವುದರಿಂದ ಬಾಗಿಲು ತೆರೆದಿತ್ತೋ ಮುಚ್ಚಿತ್ತೋ, ಹುಡುಗಿಯ ಹೆಸರು ಕೆಟ್ಟಿತೋ ಎಂಬ ತಲೆಬಿಸಿಯಿಲ್ಲ. ಇನ್ನೊಬ್ಬ ತಂಗಿ ಮೇರಿ ಮೂಲೆಯಲ್ಲಿ ಕೂತು ಫೋರ್ಡೈಸ್‌ನ ಧರ್ಮೋಪದೇಶ ಓದುತ್ತಾಳೆ, ರೋಗಿ ನಡುವೆ ತಿದ್ದುತ್ತಾನೆ. ಎಲಿಜಬೆತ್ ಅವನ ದಿಂಬು ಸರಿಮಾಡಿ, ಅವನ ಪರವಾಗಿ ಲೇಡಿ ಕ್ಯಾಥರೀನ್‌ಗೆ ಪತ್ರ ಬರೆದುಕೊಟ್ಟು, ನಗು ತಡೆಯಲಾಗದೆ ಹೊರಗೆ ಬರುತ್ತಾಳೆ. ಹೊರಗೆ ಡಾರ್ಸಿಯೂ ಅದೇ ಅವಸ್ಥೆಯಲ್ಲಿ ನಿಂತಿದ್ದಾನೆ. ಇಬ್ಬರು ಜೊತೆಯಾಗಿ ನಗು ನುಂಗಿಕೊಂಡರೆ ಅಲ್ಲಿಂದ ಮುಂದಿನದ್ದನ್ನು ಲೇಖಕಿ ಬರೆಯಬೇಕಾಗಿಲ್ಲ. ಡಾರ್ಸಿಯ ವೈರಿ ವಿಕ್‌ಹ್ಯಾಮ್ ಅವನ ಮೇಲೆ ಕಟ್ಟುಕಥೆ ಹೇಳಲು ಬಂದರೆ ಕೇಳಲು ಎಲಿಜಬೆತ್‌ಗೆ ಪುರುಸೊತ್ತಿಲ್ಲ, ಗಂಜಿ ಆರುತ್ತಿದೆ.

ಆ ಗಂಜಿಯದೇ ಒಂದು ಅಧ್ಯಾಯವಾಯಿತು. ಬೆನೆಟ್ ಅಮ್ಮನವರ ಸಂಕಟ ಯೋಚಿಸಿ: ಗಂಡ ಕಣ್ಣು ಮುಚ್ಚಿದರೆ ತನ್ನನ್ನು ಮನೆಯಿಂದ ಹೊರಗೆ ಹಾಕುವ ಹಕ್ಕುಳ್ಳವನಿಗೆ ಅದೇ ಮನೆಯ ಅಡುಗೆಮನೆಯಲ್ಲಿ ಪಥ್ಯ ಬೇಯಿಸಬೇಕು. ಇಷ್ಟರಲ್ಲಿ ಎಲಿಜಬೆತ್‌ಳ ಗೆಳತಿ ಷಾರ್ಲಟ್ ಲ್ಯೂಕಸ್ ಬುಟ್ಟಿ ಹಿಡಿದು ಬರುತ್ತಾಳೆ. ಮೂಲದಲ್ಲಿ ಕಾಲಿನ್ಸ್ ಮೂರು ದಿನದೊಳಗೆ ಇಬ್ಬರನ್ನು ಮದುವೆಗೆ ಕೇಳಿ ಮುಗಿಸುತ್ತಾನೆ. ನನಗೆ ಷಾರ್ಲಟ್‌ಗೆ ಆರು ವಾರ ಕೊಡಬೇಕೆನ್ನಿಸಿತು. ನೋವಿನಲ್ಲಿ ಮಾತು ಕಡಿಮೆಯಾದ ಕಾಲಿನ್ಸ್ ಒಂದು ಮಧ್ಯಾಹ್ನ ಅವಳಿಗೆ ಉಪಮೆ, ವಿಶೇಷಣ ಏನೂ ಇಲ್ಲದೆ "ಬಂದದ್ದು ಒಳ್ಳೆಯದಾಯಿತು" ಎನ್ನುತ್ತಾನೆ. ನೋಟ್‌ಬುಕ್ಕಿನ ಆ ಪುಟದಲ್ಲಿ ಧಾರವಾಡದವಳು ಕೆಂಪು ಶಾಯಿಯಲ್ಲಿ ಬರೆದಿದ್ದಾಳೆ: "ಕಾಲಿನ್ಸ್‌ನ ಕಾಲ ಮುರದ್ರ ಯಾರ್ ಅಳ್ತಾರವಾ? ಡಾರ್ಸಿನ್ನ ಬೀಳ್ಸು."

ಅವಳದೂ ಬಾಕಿಯವರದೂ ಅದೇ ಚಾಳಿ. ಡಾರ್ಸಿಯನ್ನು ಬೀಳಿಸುತ್ತಾರೆ, ಸರಿ, ಆಮೇಲೆ ಅವನಿಗೆ ಪ್ಲಾಸ್ಟರ್ ಹಾಕುತ್ತಾರೆ! 1811ರಲ್ಲಿ! ಡಚ್ ಸೈನ್ಯದ ವೈದ್ಯ ಮಥೈಸೆನ್ ಪ್ಲಾಸ್ಟರ್ ಬ್ಯಾಂಡೇಜು ಕಂಡುಹಿಡಿದದ್ದು 1850ರ ದಶಕದ ಮೊದಲಿಗೆ. ಡಾರ್ಸಿಗೆ ಸಿಗುತ್ತಿದ್ದದ್ದು ಮರದ ಪಟ್ಟಿ, ಬಟ್ಟೆಸುತ್ತು. ಜಾಣ ಸರ್ಜನ್ ಆಗಿದ್ದರೆ ಬಟ್ಟೆ ಬಿಗಿಯಾಗಲು ಮೊಟ್ಟೆಯ ಬಿಳಿ ಹಚ್ಚುತ್ತಿದ್ದನೇನೋ. ನೆಪೋಲಿಯನ್ನನ ಸರ್ಜನ್ ಲಾರೆ ಮೊಟ್ಟೆಯ ಬಿಳಿಗೆ ಕರ್ಪೂರದ ಸ್ಪಿರಿಟ್ ಮತ್ತು ಸೀಸದ ಲವಣ ಸೇರಿಸಿ ಕಟ್ಟು ಹಾಕುತ್ತಿದ್ದ. ಓದಿ ನನಗೆ ಖುಷಿಯೋ ಖುಷಿ. ನಮ್ಮೂರ ಬಸ್ ಸ್ಟ್ಯಾಂಡಿನ ಹಿಂದೆ 'ಪುತ್ತೂರು ಕಟ್ಟು' ಎಂಬ ಬೋರ್ಡಿನ ಕೆಳಗೆ ಇವತ್ತಿಗೂ ಬಿದಿರು ದಬ್ಬೆ, ಬಟ್ಟೆ, ಸೊಪ್ಪಿನ ರಸ, ಮೊಟ್ಟೆಯ ಬಿಳಿ. ಚಿತ್ತೂರು ಕಡೆಯ ಪುತ್ತೂರಿನವರ ಕೈಗುಣವನ್ನು ಆಸ್ಟಿನ್ ಕಾಲದ ರೋಗಿಯೊಬ್ಬ ತಕ್ಷಣ ಗುರುತು ಹಿಡಿಯುತ್ತಿದ್ದ. ಈ ವಿವರ ಹಾಕಿದರೆ ಕಥೆಯ ಕಾಲವೇ ಮೂಗಿಗೆ ಹೊಡೆಯುತ್ತದೆ. ಬೇಡವಂತೆ, ಪ್ಲಾಸ್ಟರೇ ಬೇಕಂತೆ.

ಇನ್ನೊಬ್ಬರು ಬಾಯಿಗೆ ಥರ್ಮಾಮೀಟರ್ ಇಡುತ್ತಾರೆ. ಜೇಬಿಗೆ ಹೋಗುವಂಥದ್ದು ಬಂದದ್ದು 1860ರ ದಶಕದಲ್ಲಿ. ಮತ್ತೊಬ್ಬರಲ್ಲಿ ಎದೆಗೆ ಸ್ಟೆತಸ್ಕೋಪ್; ಅದು 1816ಕ್ಕೆ ಪ್ಯಾರಿಸ್ಸಿನಲ್ಲಿ ಇನ್ನೂ ಹುಟ್ಟಬೇಕಿತ್ತು. ಮೆರಿಟನ್ನಿನ ಜೋನ್ಸ್ ಔಷಧಿ ಅಂಗಡಿ ಇಟ್ಟುಕೊಂಡು ಕಷಾಯ ಕಳಿಸುವ ಅಪೋಥೆಕರಿ. ಅವನಿಗೆ ಲಂಡನ್ನಿನ ಡಾಕ್ಟರನ ಠೀವಿ ಕೊಟ್ಟು, ಅವನಿಂದಲೇ ಗುಂಡು ತೆಗೆಸುತ್ತಾರೆ. ಗುಂಡೆಂದರೆ ಅದು ಭುಜಕ್ಕೇ. ಎಲ್ಲ ನಾಯಕರಿಗೂ ಎಡಭುಜ. ಅಂಗಿ ತೆಗೆಯಬೇಕಾಗುತ್ತದೆ, ಮುಖ ಕೆಡುವುದಿಲ್ಲ, ಒಂದು ವಾರದಲ್ಲಿ ಅದೇ ತೋಳಲ್ಲಿ ನಾಯಕಿಯನ್ನು ಅಪ್ಪಿಕೊಳ್ಳಬಹುದು. ಮೈಯಲ್ಲಿ ಆ ಜಾಗದೊಳಗೆ ಏನೇನು ರಕ್ತನಾಳ ಹರಿಯುತ್ತದೆಂದು ಯಾರೂ ಹೈಸ್ಕೂಲಿನ ಪುಸ್ತಕ ತೆರೆದು ನೋಡಿದಂತಿಲ್ಲ. ಅರಿವಳಿಕೆಯಿಲ್ಲ, ಕೈ ತೊಳೆಯುವ ಪದ್ಧತಿಯಿಲ್ಲ. ನಂಜಾಗದಿದ್ದರೆ ಪುಣ್ಯ.

ಇದನ್ನೆಲ್ಲ ನಕ್ಕು ಮುಂದೆ ಹೋಗಬಹುದು. ನನಗೆ ತಡೆಯಲಾಗದ್ದು ಲಾಡನಮ್. ಅಫೀಮನ್ನು ಮದ್ಯದಲ್ಲಿ ಕದಡಿದ ಆ ಔಷಧಿ ಕುಡಿಸಿದೊಡನೆ ನಾಯಕ ಬಡಬಡಿಸಿ ಮನಸ್ಸಿನ ಗುಟ್ಟನ್ನೆಲ್ಲ ಹೇಳಿಬಿಡುತ್ತಾನೆ, ನಾಯಕಿ ತಂಪುಬಟ್ಟೆ ಇಡುತ್ತ ಕೇಳಿಸಿಕೊಂಡು ಪುಳಕಗೊಳ್ಳುತ್ತಾಳೆ. ಇದರಲ್ಲಿ ಪ್ರೇಮ ಎಲ್ಲಿದೆ? ಎಚ್ಚರವಿಲ್ಲದವನ ಬಾಯಿಂದ ಬಿದ್ದದ್ದನ್ನು ಆರಿಸಿಕೊಳ್ಳುವುದಕ್ಕೆ ಬೇರೆ ಹೆಸರಿದೆ. ಅಹಂಕಾರ ಮುರಿದು, ಪತ್ರ ಬರೆದು, ತಿಂಗಳುಗಟ್ಟಲೆ ಬೆಂದು, ಎರಡನೇ ಸಲ ಕೇಳುವ ಧೈರ್ಯ ತಂದುಕೊಂಡ ಮನುಷ್ಯನನ್ನು ಹತ್ತು ಹನಿ ಅಫೀಮಿನಲ್ಲಿ ಮುಗಿಸಿಬಿಟ್ಟರೆ ಆಸ್ಟಿನ್‌ಳಿಂದ ತೆಗೆದುಕೊಂಡದ್ದೇನು, ಹೆಸರು ಮಾತ್ರವೇ? ನೋವನ್ನು ಹೀಗೆ ಒಡವೆಯ ಹಾಗೆ ತೊಡಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಯಾಕೆ ಇಷ್ಟು ಉರಿ ಎಂದರೆ, ಮ್ಯಾಗ್ಡಲೀನ್ ಡಿಲ್ಯಾನ್ಸಿಯ ಬರಹವನ್ನು ಓದಿದ್ದೇನೆ. ಕಟ್ಟುಕಥೆಯಲ್ಲ. 1815ರ ಏಪ್ರಿಲ್ 4ಕ್ಕೆ ಅವಳಿಗೆ ಕರ್ನಲ್ ವಿಲಿಯಂ ಡಿಲ್ಯಾನ್ಸಿಯ ಜೊತೆ ಮದುವೆಯಾಯಿತು. ಜೂನ್ 18ಕ್ಕೆ ವಾಟರ್‌ಲೂ. ವೆಲಿಂಗ್ಟನ್ನನ ಪಕ್ಕದಲ್ಲೇ ಕುದುರೆ ಮೇಲಿದ್ದವನ ಬೆನ್ನಿಗೆ ಪುಟಿದು ಬಂದ ಫಿರಂಗಿ ಗುಂಡು ಬಡಿಯಿತು. (ಈ ವೆಲಿಂಗ್ಟನ್ ನಮ್ಮವರಿಗೆ ಹೊಸಬನಲ್ಲ, 1799ರಲ್ಲಿ ಶ್ರೀರಂಗಪಟ್ಟಣದ ಹೊರಗೆ ಸುಲ್ತಾನ್‌ಪೇಟೆಯ ತೋಪಿನ ಕತ್ತಲಲ್ಲಿ ದಿಕ್ಕುತಪ್ಪಿ, ಮಂಡಿಗೆ ಒಂದು ಸಣ್ಣ ಏಟು ತಿಂದು ಹಿಂತಿರುಗಿದವನು.) ಆ್ಯಂಟ್‌ವರ್ಪಿನಲ್ಲಿ ಕಾಯುತ್ತಿದ್ದ ಹೆಂಡತಿಗೆ ಮೊದಲು ಅವನು ಕ್ಷೇಮವೆಂದರು, ಆಮೇಲೆ ಗಾಯವಾಗಿದೆಯೆಂದರು, ಸತ್ತನೆಂದರು, ಮತ್ತೆ ಬದುಕಿದ್ದಾನೆಂದರು. ಅವಳು ಮಾಂಟ್ ಸೇಂಟ್ ಜೀನ್ ಹಳ್ಳಿಯ ಗುಡಿಸಲಿಗೆ ಹೋಗಿ ಮುಟ್ಟಿದಳು. ಜೂನ್ 26ಕ್ಕೆ ಅವನು ತೀರಿಕೊಳ್ಳುವವರೆಗೆ ಆರೈಕೆ ಮಾಡಿದಳು. ಅದನ್ನೆಲ್ಲ ಅಣ್ಣನಿಗಾಗಿ ಬರೆದಿಟ್ಟಳು. ಡಿಕನ್ಸ್ ಆ ಹಸ್ತಪ್ರತಿ ಓದಿ ಕಲಕಿಹೋದ. ಪುಸ್ತಕವಾಗಿ ಬಂದದ್ದು 1906ರಲ್ಲಿ. ಅದರಲ್ಲಿ ಭುಜವಿಲ್ಲ, ಪುಳಕವಿಲ್ಲ. ಇಕ್ಕಟ್ಟಾದ ಕೋಣೆ, ಔಷಧಿ ತರುವುದು, ಹೊರಗೆ ಸದ್ದು ಮಾಡುವವರನ್ನು ಸುಮ್ಮನಿರಿಸುವುದು, ಅವನಿಗೆ ನಿದ್ದೆ ಬಂತೆ ಎಂದು ನೋಡುವುದು. ಅಷ್ಟರಲ್ಲೇ ಅವಳು ಅವನನ್ನು ಎಷ್ಟು ಪ್ರೀತಿಸಿದಳೆಂದು ಓದುವವರಿಗೆ ಗೊತ್ತಾಗುತ್ತದೆ.

ಇದನ್ನು ಬಲ್ಲವಳು ಕಾದಂಬರಿಗಾರ್ತಿ ಜಾರ್ಜೆಟ್ ಹೇಯರ್. ಅವಳ 'ಆ್ಯನ್ ಇನ್‌ಫೇಮಸ್ ಆರ್ಮಿ'ಯಲ್ಲಿ (1937) ನಾಯಕ ವಾಟರ್‌ಲೂನಿಂದ ಒಂದು ಕೈ ಕಳೆದುಕೊಂಡೇ ಬರುತ್ತಾನೆ. ಮರಳಿ ಬೆಳೆಸಿಕೊಡುವ ಕೆಲಸಕ್ಕೆ ಆಕೆ ಕೈ ಹಾಕುವುದಿಲ್ಲ. 'ವೆನೀಷಿಯಾ'ದಲ್ಲಿ (1958) ನನ್ನ ಸೂತ್ರವನ್ನೇ ಹಿಡಿದಿದ್ದಾಳೆ: ಕುದುರೆಯಿಂದ ಬಿದ್ದವನು ನಾಯಕಿಯ ತಮ್ಮ ಆಬ್ರಿ, ಮಲಗಿಸಿದ್ದು ಊರೆಲ್ಲ ಬೈಯುವ ಡೇಮರೆಲ್‌ನ ಮನೆಯಲ್ಲಿ, ದಿನಾ ನೋಡಲು ಬರುವವಳು ಅಕ್ಕ. ಆಬ್ರಿಗೆ ಹಾಸಿಗೆಯಲ್ಲಿ ಪುಸ್ತಕ ಸಿಕ್ಕಿದರೆ ಸಾಕು, ಹೊರಗೆ ಏನು ನಡೆಯುತ್ತಿದೆಯೆಂಬ ಗೊಡವೆಯಿಲ್ಲ. ಎಂಥ ಅನುಕೂಲದ ರೋಗಿ!

ಇದನ್ನು ಧಾರವಾಡಕ್ಕೆ ಫೋನಿನಲ್ಲಿ ಓದಿ ಹೇಳಿದೆ. ಅವಳು ಸ್ವಲ್ಪ ಮೆತ್ತಗಾದಳು. ಮೂರನೆಯವರೇ ಬೀಳಲಿ, ಆದರೆ ಕಾಲಿನ್ಸ್ ಬೇಡ ಎಂಬಲ್ಲಿಗೆ ಬಂದು ನಿಂತಿದ್ದಾಳೆ. ಹಾಗಾದರೆ ಮುಂದಿನ ಕಥೆಯಲ್ಲಿ ಲೇಡಿ ಕ್ಯಾಥರೀನ್ ತನ್ನ ರೋಸಿಂಗ್ಸ್ ಬಂಗಲೆಯ ಮಹಡಿ ಮೆಟ್ಟಿಲಿಂದ ಜಾರಿ ಸೊಂಟ ಉಳುಕಿಸಿಕೊಂಡರೆ ಹೇಗೆ ಎಂದೆ.

"ಹಂಗ್ ಮಾಡಬ್ಯಾಡ," ಅಂದಳು. "ಆಕಿ ಮಕ್ಕೊಂಡ್ರ ಮನ್ಯಾಗ ಉಳದವ್ರೆಲ್ಲಾ ಹಾಸಿಗಿ ಹಿಡೀತಾರ."