ಸಂಗನಕಲ್ಲಿನಿಂದ ಹರಿಗೋಲಿಗೆ: ಒಂದು ದಿನದ ತಿರುಗಾಟ

ಬಳ್ಳಾರಿ ಜಿಲ್ಲೆ 2021ರಲ್ಲಿ ಎರಡಾಗಿ, ಹೊಸಪೇಟೆ ಕಡೆಯ ಭಾಗ ವಿಜಯನಗರ ಜಿಲ್ಲೆಯಾದಾಗ ನಮ್ಮ ಊರಿನ ಚಹಾದಂಗಡಿಗಳಲ್ಲಿ ಕೇಳಿಬಂದದ್ದು ಒಂದೇ ಮಾತು. “ಹಂಪಿ ಹೋತು, ಡ್ಯಾಮೂ ಹೋತು. ಇನ್ನ ನಮಗ ಉಳದದ್ದು ಏನು, ಬಿಸಿಲು!” ಬಿಸಿಲು ಉಳಿದದ್ದು ನಿಜ. ಅದರ ಜೊತೆಗೆ ಹಂಪಿಗಿಂತ ಸುಮಾರು ಮೂರು ಸಾವಿರ ವರ್ಷ ಹಳೆಯದಾದ ಒಂದು ಊರೂ ನಮ್ಮ ಪಾಲಿಗೆ ಉಳಿದಿದೆ. ಬಳ್ಳಾರಿ ನಗರದಿಂದ ಮೋಕಾ ರಸ್ತೆಯಲ್ಲಿ ಏಳೆಂಟು ಕಿಲೋಮೀಟರ್ ಹೋದರೆ ಸಿಗುವ ಸಂಗನಕಲ್ಲು ಅದು. ಈ ಮಾತನ್ನು ತರಗತಿಯಲ್ಲಿ ಹೇಳಿದರೆ ಮಕ್ಕಳು ನನ್ನ ಮುಖ ನೋಡುತ್ತಾರೆ. ಅವರಲ್ಲಿ ಸಂಗನಕಲ್ಲಿನಿಂದಲೇ ಸೈಕಲ್ಲು ತುಳಿದು ಬರುವವರೂ ಇರುತ್ತಾರೆ.

ನಮ್ಮ ಶಾಲೆಗಳ ಪ್ರವಾಸ ಎಂದರೆ ಮೈಸೂರು, ಬೇಲೂರು, ತಪ್ಪಿದರೆ ಹಂಪಿ. ಮನೆಗೆ ನೆಂಟರು ಬಂದರೂ ಅಷ್ಟೆ, ಬಾಡಿಗೆ ಕಾರು ಹೇಳಿ ಸೀದಾ ಹೊಸಪೇಟೆ ರಸ್ತೆ ಹಿಡಿಯುತ್ತೇವೆ. ಕಳೆದ ಡಿಸೆಂಬರಿನ ರಜೆಯಲ್ಲಿ ಬೆಂಗಳೂರಿನಿಂದ ನನ್ನ ಹೆಂಡತಿಯ ತಮ್ಮನ ಸಂಸಾರ ಬಂದಾಗ ಅದೇ ಕಾರು, ಅದೇ ಬಾಡಿಗೆಯಲ್ಲಿ ದಿನವನ್ನು ಬೇರೆ ರೀತಿ ಹೊಂದಿಸಿ ನೋಡಿದೆ. ಒಂಬತ್ತನೇ ತರಗತಿ ಓದುವ ಹುಡುಗನದು ಒಂದೇ ಷರತ್ತು: ಮಧ್ಯಾಹ್ನದ ಊಟ ದೋಣಿಯಲ್ಲೇ ಆಗಬೇಕು. ಅವನು ಹಿಂದಿನ ವರ್ಷ ಕೇರಳದ ಆಲಪ್ಪುಳದಲ್ಲಿ ದೋಣಿಮನೆಯಲ್ಲಿ ಉಂಡು ಬಂದವನು. ಬಳ್ಳಾರಿಯಲ್ಲಿ ದೋಣಿ ಎಲ್ಲಿಂದ ತರುವುದು ಎಂದು ಅವನ ಅಪ್ಪ ನಕ್ಕರು. ಆಗಲಿ ಎಂದು ನಾನು ಒಪ್ಪಿಕೊಂಡೆ.

ಬೆಳಿಗ್ಗೆ ಆರೂವರೆಗೆಲ್ಲ ಹಿರೇಗುಡ್ಡದ ಬುಡದಲ್ಲಿದ್ದೆವು. ಸಂಗನಕಲ್ಲು ಮತ್ತು ಕಪ್ಪಗಲ್ಲು ಊರುಗಳ ನಡುವೆ ಗ್ರಾನೈಟ್ ಗುಡ್ಡಗಳ ಒಂದು ಗುಂಪೇ ಇದೆ. ಅವುಗಳಲ್ಲಿ ದೊಡ್ಡದು ಹಿರೇಗುಡ್ಡ, ಅಕ್ಕಪಕ್ಕದವು ಸಣ್ಣರಾಚಮ್ಮನ ಗುಡ್ಡ, ಚೌಡಮ್ಮನ ಗುಡ್ಡ. ದೂರದಿಂದ ನೋಡಿದರೆ ಬಳ್ಳಾರಿ ಸೀಮೆಯ ಉಳಿದ ಬೋಳು ಗುಡ್ಡಗಳ ಹಾಗೆಯೇ ಕಾಣುತ್ತವೆ. ಹತ್ತಿರ ಹೋದಾಗ, ತಿಳಿಬಣ್ಣದ ಗ್ರಾನೈಟಿನ ನಡುವೆ ಕಪ್ಪು ಬಂಡೆಗಳ ಪಟ್ಟಿಯೊಂದು ಸೀರೆಯ ಅಂಚಿನಂತೆ ಗುಡ್ಡದುದ್ದಕ್ಕೂ ಹಾದುಹೋಗಿರುವುದು ಗೊತ್ತಾಗುತ್ತದೆ. ಗ್ರಾನೈಟು ಗಟ್ಟಿಯಾದ ಎಷ್ಟೋ ಕಾಲದ ಮೇಲೆ, ಅದರ ಬಿರುಕಿನೊಳಗೆ ಕೆಳಗಿನಿಂದ ನುಗ್ಗಿದ ಶಿಲಾರಸ ಆರಿ ಆದ ಕಲ್ಲು ಅದು. ಭೂವಿಜ್ಞಾನದಲ್ಲಿ ಆ ಪಟ್ಟಿಗೆ ಡೈಕ್, ಕಲ್ಲಿಗೆ ಡಾಲರೈಟ್ ಎಂದು ಹೆಸರು. ಸಂಗನಕಲ್ಲಿನ ಇತಿಹಾಸವೆಲ್ಲ ಈ ಕಪ್ಪು ಪಟ್ಟಿಯಿಂದ ಶುರುವಾಗುತ್ತದೆ.

ಡಾಲರೈಟಿನ ಹರಳುಗಳು ಸಣ್ಣವು, ಹೆಣಿಗೆ ಬಿಗಿ. ಬಡಿದರೆ ಚಕ್ಕೆ ಏಳುತ್ತದೆ, ಉಜ್ಜಿದರೆ ಹರಿತ ಬರುತ್ತದೆ. ಸುಮಾರು 4,000 ವರ್ಷಗಳ ಹಿಂದೆ ಇಲ್ಲಿ ನೆಲೆಸಿದ್ದ ಜನ ಅದನ್ನು ಕಂಡುಕೊಂಡು ಕೊಡಲಿ ಮಾಡುವ ಕಾರ್ಖಾನೆಯನ್ನೇ ಹೂಡಿದ್ದರು. ಒಡೆದು ಬಿಸಾಡಿದ ಚಕ್ಕೆಗಳು ಇಂದಿಗೂ ಕಾಲಕೆಳಗೆ ಕಿಣಿಕಿಣಿ ಎನ್ನುತ್ತವೆ. ಕೊಡಲಿಯ ಬಾಯಿ ಮಸೆದು ಮಸೆದು ಗ್ರಾನೈಟಿನ ಮೇಲೆ ಬಿದ್ದ ಉದ್ದನೆಯ ತಗ್ಗುಗಳಲ್ಲಿ ಬೆರಳಾಡಿಸಿದರೆ ಕನ್ನಡಿಯಷ್ಟು ನುಣುಪು. ಹುಡುಗನ ತಂಗಿ, ಆರನೇ ತರಗತಿಯವಳು, ಒಂದು ತಗ್ಗಿನ ಮುಂದೆ ಕುಳಿತು ಕೈ ಹಿಂದೆ ಮುಂದೆ ಆಡಿಸಿ ನೋಡಿ, “ಎಡಗೈಯವರಿಗೂ ಇದು ಆಗುತ್ತಾ ಮಾವ?” ಎಂದಳು. ಅವಳು ಎಡಚಿ. ಯಾವ ಪುಸ್ತಕದಲ್ಲೂ ನಾನು ಓದದ ಪ್ರಶ್ನೆ.

ಮೇಲಕ್ಕೆ ಹೋದಂತೆ ಕಪ್ಪು ಬಂಡೆಗಳ ಮೇಲೆ ಚಿತ್ರಗಳು ಕಾಣತೊಡಗುತ್ತವೆ. ಬಣ್ಣ ಬಳಿದವಲ್ಲ, ಕಲ್ಲಿನಿಂದ ಕುಟ್ಟಿ ಕುಟ್ಟಿ ಮೂಡಿಸಿದವು. ಹೆಚ್ಚಿನವು ದನಗಳು: ಉದ್ದ ಕೊಂಬು, ಎತ್ತರದ ಡುಬ್ಬ. ಕೆಲವನ್ನು ಮೇಲಿನಿಂದ ಜೋತುಬಿದ್ದು ಕುಟ್ಟಿರಬೇಕು, ಅಷ್ಟು ಇಕ್ಕಟ್ಟಿನ ಜಾಗ. ಅವುಗಳ ನಡುವೆ ಇತ್ತೀಚಿನವರು ಕೆತ್ತಿದ ಹೆಸರುಗಳೂ ಇವೆ. ಆ ಬಗ್ಗೆ ಇಲ್ಲಿ ಬರೆದು ಅವರಿಗೆ ಪ್ರಚಾರ ಕೊಡಲಾರೆ.

ಇದೇ ಬಂಡೆಗಳ ರಾಶಿಯಲ್ಲಿ ಹಾಡುವ ಕಲ್ಲುಗಳಿವೆ. ಬೊಗಸೆಯಂಥ ಸಣ್ಣ ಗುಳಿಗಳಿರುವ ಕಡೆ ಇನ್ನೊಂದು ಕಲ್ಲಿನಿಂದ ಬಡಿದರೆ ಜಾಗಟೆಯ ಹಾಗೆ ನಾದ ಹೊರಡುತ್ತದೆ. 1892ರಲ್ಲಿ ಪ್ರಕಟವಾದ ಫಾಸೆಟ್ ಎಂಬ ಅಧಿಕಾರಿಯ ಲೇಖನದಲ್ಲಿ ಈ ಗುಡ್ಡದ ವಿವರ ಬಂದಿತ್ತು. 2004ರಲ್ಲಿ ಪುರಾತತ್ತ್ವಜ್ಞೆ ನಿಕೋಲ್ ಬೊವಿನ್ ‘ಆಂಟಿಕ್ವಿಟಿ’ ಪತ್ರಿಕೆಯಲ್ಲಿ ಬರೆದ ಪ್ರಬಂಧದಿಂದ ಅದು ಮತ್ತೆ ಜಗತ್ತಿನ ಕಣ್ಣಿಗೆ ಬಿತ್ತು.

ಕಲ್ಲು ಹಾಡುವುದು ಹೇಗೆ? ಅನೇಕ ಶಾಲೆಗಳಲ್ಲಿ ಗಂಟೆಯೆಂದು ರೈಲು ಕಂಬಿಯ ತುಂಡೊಂದನ್ನು ತೂಗುಹಾಕಿರುತ್ತಾರೆ. ಜವಾನ ಅದನ್ನು ಬಡಿದರೆ ಊರಿಗೆಲ್ಲ ಕೇಳುತ್ತದೆ. ಅದೇ ಕಂಬಿಯನ್ನು ನೆಲದ ಮೇಲಿಟ್ಟು ಬಡಿದರೆ ಬರೀ ಠಪ್ ಎನ್ನುತ್ತದೆ, ಏಕೆಂದರೆ ಕಂಪನವನ್ನು ನೆಲ ನುಂಗಿಬಿಡುತ್ತದೆ. ಹಿರೇಗುಡ್ಡದ ಕೆಲವು ಬಂಡೆಗಳು ಒಂದರ ಮೇಲೊಂದು ಎರಡು ಮೂರು ಬಿಂದುಗಳಲ್ಲಷ್ಟೇ ಊರಿಕೊಂಡು ನಿಂತಿವೆ. ಕಲ್ಲೂ ಬಿಗಿಯಾದದ್ದು. ಹಾಗಾಗಿ ಪೆಟ್ಟು ಬಿದ್ದಾಗ ಬಂಡೆಗೆ ಬಂಡೆಯೇ ನಡುಗಿ ದನಿ ಕೊಡುತ್ತದೆ.

ಇಷ್ಟು ಕೇಳಿದ್ದೇ ತಡ, ಹುಡುಗ ಮುಷ್ಟಿಗಾತ್ರದ ಕಲ್ಲೊಂದನ್ನು ಎತ್ತಿಕೊಂಡ. ನಾನು ಬೇಡ ಎಂದೆ. “ಕೇಳಿಸೋದೇ ಬೇಡ ಅಂದ್ರೆ ತೋರಿಸೋಕೆ ಯಾಕೆ ಕರ್ಕೊಂಡು ಬಂದ್ರಿ ಮಾವ?” ಎಂದು ಮುಖ ಊದಿಸಿದ. ಪ್ರಶ್ನೆ ನ್ಯಾಯವಾದದ್ದೇ. ಪ್ರತಿ ಪೆಟ್ಟಿಗೂ ಒಂದಿಷ್ಟು ಪುಡಿ ಉದುರುತ್ತದೆ, ಆ ಗುಳಿಗಳು ಆದದ್ದೇ ಹಾಗೆ. ಅಂದಿನವರು ಯಾವುದೋ ಹಬ್ಬಕ್ಕೋ ಹರಕೆಗೋ ಬಡಿದಿರಬಹುದು. ಇಂದು ಒಂದು ಬಸ್ಸಿನಿಂದ ಐವತ್ತು ಮಕ್ಕಳು ಇಳಿದು ತಲಾ ಹತ್ತು ಪೆಟ್ಟು ಹಾಕಿದರೆ, ವರ್ಷಕ್ಕೆ ಇಂಥ ನೂರು ಬಸ್ಸು ಬಂದರೆ 50,000 ಪೆಟ್ಟು. ಹೀಗೆ ಪತ್ರಿಕೆಯಲ್ಲಿ ಬರೆದು ಬಸ್ಸುಗಳನ್ನು ಕರೆಯುತ್ತಿರುವವನೂ ನಾನೇ. ಬರೆಯದೆ ಸುಮ್ಮನಿದ್ದರೆ? ಆಗ ಬರುವುದು ಬೇರೆ ಬಗೆಯ ಕಲ್ಲುಕುಟಿಕರು. ಕಲ್ಲುಗಣಿಗಾರಿಕೆಯಿಂದ ಈ ಚಿತ್ರಗಳಿಗೂ ಬಂಡೆಗಳಿಗೂ ಅಪಾಯವಿದೆ ಎಂದು ಬೊವಿನ್ 2004ರಲ್ಲೇ ಎಚ್ಚರಿಸಿದ್ದರು. ಗುಡ್ಡದ ಮೈಮೇಲೆ ಸೀಳಿದ ಗಾಯಗಳನ್ನು ಯಾರು ಬೇಕಾದರೂ ನೋಡಬಹುದು. ಜನಕ್ಕೆ ಗೊತ್ತಿಲ್ಲದ ಗುಡ್ಡ ಜಲ್ಲಿಯಾಗುವುದು ಸುಲಭ. ಆದ್ದರಿಂದ ಬರೆಯುತ್ತಿದ್ದೇನೆ.

ಆಡು ಕಾಯುತ್ತಿದ್ದ ಮುದುಕರೊಬ್ಬರು ನಮ್ಮ ವಾದವನ್ನು ಕೇಳುತ್ತ ನಿಂತಿದ್ದರು. “ಬಂದೋರೆಲ್ಲ ಬಡೀತಾರ್ರೀ. ಕಲ್ಲು ಪಾಪ ಏನು ಮಾಡೈತಿ” ಎಂದರು. ಕೊನೆಗೆ ಹುಡುಗ ಬಂಡೆಗೆ ಕಿವಿ ಹಚ್ಚಿ, ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದ. ಗಾಳಿಗಿಂತ ಘನವಸ್ತುವಿನಲ್ಲಿ ಶಬ್ದ ಚೆನ್ನಾಗಿ ಹರಿಯುತ್ತದಲ್ಲವೆ. ಕೇಳಿಸಿತು ಎಂದ. ನಾನೂ ಕಿವಿ ಇಟ್ಟು ನೋಡಿದೆ. ಐವತ್ತು ದಾಟಿದ ಕಿವಿಗೆ ಆಡಿನ ಕೊರಳಗಂಟೆಯೇ ಹೆಚ್ಚು ಕೇಳಿಸಿತು. ಈ ನಾದವನ್ನು ಬಲ್ಲವರು ಒಮ್ಮೆ ಸರಿಯಾಗಿ ಧ್ವನಿಮುದ್ರಿಸಿ, ಜಿಲ್ಲೆಯ ಪ್ರತಿ ಪ್ರೌಢಶಾಲೆಗೂ ಕೊಟ್ಟರೆ ಬಂಡೆಗೂ ಮಕ್ಕಳಿಗೂ ಒಳ್ಳೆಯದು.

ಬಿಸಿಲೇರುವ ಮೊದಲು ಬಳ್ಳಾರಿಗೆ ಮರಳಿ ಕೋಟೆ ಹತ್ತಿದೆವು. ಮೇಲಿನ ಕೋಟೆ ಪಾಳೇಗಾರ ಹನುಮಪ್ಪ ನಾಯಕನದು, ಕೆಳಗಿನದು ಹೈದರಾಲಿಯ ಕಾಲದ್ದು. ಕಟ್ಟಿದ ಫ್ರೆಂಚ್ ಎಂಜಿನಿಯರು ಪಕ್ಕದ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವಿರುವುದನ್ನು ಗಮನಿಸಲಿಲ್ಲವೆಂದು ಹೈದರನು ಅವನನ್ನು ಗಲ್ಲಿಗೇರಿಸಿದನಂತೆ. ಕಥೆ ನಿಜವೋ ಸುಳ್ಳೋ, ಅಳತೆಯ ಪಾಠ ಮಾಡುವಾಗ ನನಗೆ ಬಲು ಉಪಯೋಗಕ್ಕೆ ಬಂದಿದೆ. ಮೇಲೆ ಬಂಡೆಯ ಸೀಳುಗಳಲ್ಲಿ ಮಳೆನೀರು ಹಿಡಿದಿಟ್ಟುಕೊಂಡ ಹೊಂಡಗಳನ್ನು ತಪ್ಪದೆ ನೋಡಬೇಕು.

ಆಮೇಲೆ ನಗರದಲ್ಲೇ ಇರುವ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ತ್ವ ವಸ್ತುಸಂಗ್ರಹಾಲಯ. ಫೂಟ್ ಭೂವಿಜ್ಞಾನಿ. 1863ರಲ್ಲಿ ಮದರಾಸಿನ ಪಲ್ಲಾವರಂ ಬಳಿ ಹಳೆ ಶಿಲಾಯುಗದ ಕೈಗೊಡಲಿಯನ್ನು ಗುರುತಿಸಿ, ಭಾರತದಲ್ಲೂ ಶಿಲಾಯುಗವಿತ್ತೆಂದು ತೋರಿಸಿದವರು. ಬಳ್ಳಾರಿ ಸೀಮೆಯನ್ನು ಕಾಲಲ್ಲಿ ಅಳೆದವರು. ಅವರ ಸಂಗ್ರಹ 1904ರಲ್ಲಿ ಮದರಾಸಿನ ಮ್ಯೂಸಿಯಂ ಸೇರಿತು. 1940ರ ದಶಕದಲ್ಲಿ ಸಂಗನಕಲ್ಲನ್ನು ಅಗೆದ ಬಿ. ಸುಬ್ಬರಾವ್ ಪುಣೆಯ ಡೆಕ್ಕನ್ ಕಾಲೇಜಿನ ಕಡೆಯಿಂದ ಬಂದವರು. ಹೀಗೆ ಇಲ್ಲಿನ ಕಲ್ಲು ನೋಡಲು ನಾವು ಊರೂರು ಅಲೆಯಬೇಕಿತ್ತು. ಧಾರವಾಡದ ವಿದ್ವಾಂಸ ರವಿ ಕೋರಿಶೆಟ್ಟರ್ ಅವರ ಶ್ರಮದಿಂದ ಈಗ ಬಳ್ಳಾರಿಯಲ್ಲೇ ನೋಡಬಹುದು. ಗುಡ್ಡ ಮೊದಲು, ಮ್ಯೂಸಿಯಂ ಆಮೇಲೆ ಎಂಬ ಕ್ರಮ ಒಳ್ಳೆಯದು. ಗಾಜಿನೊಳಗಿನ ಕೊಡಲಿಯನ್ನು ಕಂಡ ಹುಡುಗಿ, “ಇದನ್ನ ಅಲ್ಲೇ ಮಸೆದಿದ್ದು” ಎಂದು ಅಮ್ಮನಿಗೆ ತೋರಿಸುತ್ತಿದ್ದಳು.

ಹೊಸಪೇಟೆ ರಸ್ತೆಯಲ್ಲಿ ಕುಡತಿನಿ ದಾಟಿದ ಮೇಲೆ ಹೆದ್ದಾರಿಯ ಪಕ್ಕದಲ್ಲಿ ಒಂದು ದಿಬ್ಬ ಸಿಗುತ್ತದೆ. ಭೀಮ ಕೊಂದ ಹಿಡಿಂಬಾಸುರನ ಚಿತೆಯ ಬೂದಿ ಎಂದು ಹಿಂದಿನವರ ನಂಬಿಕೆ. ವಿಜ್ಞಾನಿಗಳು ಕಂಡುಕೊಂಡದ್ದು ಸಗಣಿಯ ಬೂದಿ. ನವಶಿಲಾಯುಗದ ದನಗಾಹಿಗಳು ದೊಡ್ಡಿಯಲ್ಲಿ ಕೂಡಿಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟು ಆದ ಗುಡ್ಡೆ ಇದು. ಕೆಲವು ಹೆಂಟೆಗಳು ಗಾಜಿನಂತೆ ಕರಗಿ ಗಟ್ಟಿಯಾಗಿವೆ. ಹುಲ್ಲಿನಲ್ಲಿರುವ ಸಿಲಿಕಾ ಸಗಣಿಯಲ್ಲೂ ಉಳಿಯುತ್ತದೆ, ಬೂದಿಯಲ್ಲಿನ ಕ್ಷಾರ ಸೇರಿದರೆ ಅದು ಕಡಿಮೆ ಶಾಖಕ್ಕೇ ಕರಗುತ್ತದೆ. ಮರಳಿಗೆ ಸೋಡಾ ಬೆರೆಸಿ ಗಾಜು ಮಾಡುವುದೂ ಹೀಗೆಯೇ. ಅದೇ ಕುಡತಿನಿಯಲ್ಲಿ ಇಂದು ಉಷ್ಣ ವಿದ್ಯುತ್ ಸ್ಥಾವರವಿದೆ, ಕಲ್ಲಿದ್ದಲಿನ ಹಾರುಬೂದಿ ಏಳುತ್ತದೆ. ಎರಡು ಕಾಲದ ಬೂದಿ ಒಂದೇ ಊರಿನಲ್ಲಿ!

ಡ್ಯಾಮಿಗೆ ಹೋಗಲಿಲ್ಲ. 2024ರ ಆಗಸ್ಟಿನಲ್ಲಿ ಹತ್ತೊಂಬತ್ತನೇ ಗೇಟು ಕೊಚ್ಚಿಹೋದಾಗ ಟಿ.ವಿ.ಯಲ್ಲಿ ಎಲ್ಲರೂ ಬೇಕಾದಷ್ಟು ನೋಡಿದ್ದಾರೆ. ಸೀದಾ ಹಂಪಿಗೆ ಹೋಗಿ, ಬಜಾರಿನ ಆಚೆ ಕೋದಂಡರಾಮನ ಗುಡಿಯ ಮುಂದಿನ ಚಕ್ರತೀರ್ಥಕ್ಕೆ ನಡೆದೆವು. ನನ್ನ ದೋಣಿ ಅಲ್ಲಿತ್ತು: ಹರಿಗೋಲು.

ಹುಡುಗ ಪೆಚ್ಚಾದ. ಬಿದಿರಿನ ದೊಡ್ಡ ಬುಟ್ಟಿ, ಹೊರಗೆ ಪ್ಲಾಸ್ಟಿಕ್ ಹಾಳೆ, ಡಾಂಬರು. ಮೊದಲು ಚರ್ಮ ಹೊದಿಸುತ್ತಿದ್ದರು. ಸುಮಾರು 1520ರಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಚರ್ಮ ಹೊದಿಸಿದ ಈ ಬುಟ್ಟಿದೋಣಿಗಳನ್ನೂ ಅವು ಗಿರ್ರನೆ ತಿರುಗುವುದನ್ನೂ ಬರೆದಿಟ್ಟಿದ್ದಾನೆ. ತಿರುಗಲು ಕಾರಣ ಸರಳ. ಹರಿಗೋಲಿಗೆ ಮೂತಿಯೂ ಇಲ್ಲ, ಬೆನ್ನೂ ಇಲ್ಲ. ಒಂದೇ ಪಕ್ಕದಲ್ಲಿ ಹುಟ್ಟು ಹಾಕಿದರೆ ಮುಂದಕ್ಕೆ ಹೋಗುವ ಬದಲು ಬುಗುರಿಯಾಗುತ್ತದೆ. ನೇರವಾಗಿ ಒಯ್ಯುವುದರಲ್ಲೇ ಅಂಬಿಗನ ಕಸುಬು ಇರುವುದು.

ಇಷ್ಟು ಜನ ಕೂತರೆ ಮುಳುಗದೇ ಎಂದು ನನ್ನ ನಾದಿನಿಗೆ ಭಯ. ಲೆಕ್ಕ ಮಾಡಿ ತೋರಿಸಿದೆ. ನಾವು ಆರು ಜನ, ಅಂಬಿಗ, ಬುಟ್ಟಿ ಎಲ್ಲ ಸೇರಿ 500 ಕಿಲೋ ಎನ್ನೋಣ. ಅಷ್ಟು ತೂಕದ ನೀರು ಅರ್ಧ ಘನ ಮೀಟರು. ಬುಟ್ಟಿಯ ಅಡ್ಡಗಲ ಎರಡೂವರೆ ಮೀಟರ್ ಇದ್ದರೆ ತಳದ ವಿಸ್ತೀರ್ಣ ಸುಮಾರು 5 ಚದರ ಮೀಟರು. ಭಾಗಿಸಿದರೆ 10 ಸೆಂಟಿಮೀಟರು, ಅಂದರೆ ಅರ್ಧ ಗೇಣಿನಷ್ಟೂ ಮುಳುಗುವುದಿಲ್ಲ. ಆರ್ಕಿಮಿಡೀಸನಿಗಿಂತ ಹೆಚ್ಚು ಧೈರ್ಯ ಕೊಟ್ಟದ್ದು ಅಂಬಿಗನ ಕೈಲಿದ್ದ ಲೈಫ್ ಜಾಕೆಟ್ಟುಗಳು ಎಂಬುದು ಬೇರೆ ಮಾತು.

ಹರಿವಿನ ನಡುವೆ ಊಟ ಆಗದು ಎಂದು ಅಂಬಿಗ ಬಂಡೆಯ ನೆರಳಲ್ಲಿ, ದಡದ ಪಕ್ಕದ ನಿಂತ ನೀರಿನಲ್ಲಿ ಹರಿಗೋಲನ್ನು ಕಟ್ಟಿದ. ಹಿಟ್ಟು ನಾದುವ ಪರಾತದೊಳಗೆ ಕೂತಂತೆ ಸುತ್ತ ಕುಳಿತೆವು. ಖಡಕ್ ರೊಟ್ಟಿ, ಹುರುಳಿಕಾಳಿನ ಪಲ್ಯ, ಮೊಳಕೆ ಹೆಸರುಕಾಳು, ಶೇಂಗಾ ಚಟ್ನಿ, ಕೊರಲೆಯ ಮೊಸರನ್ನ. ಇದರಲ್ಲಿ ಸಂಗನಕಲ್ಲಿನವರು ಉಂಡದ್ದು ಯಾವುದು ಎಂದು ಮಕ್ಕಳನ್ನು ಕೇಳಿದೆ. ಇಬ್ಬರೂ ರೊಟ್ಟಿ ಎಂದರು. ಜೋಳದ ತವರು ಆಫ್ರಿಕಾ. ಶೇಂಗಾ, ಮೆಣಸಿನಕಾಯಿ ಪೋರ್ಚುಗೀಸರು ಬಂದ ಮೇಲೆ ಅಮೆರಿಕದಿಂದ ಬಂದವು. ಸಂಗನಕಲ್ಲಿನ ಒಲೆಬೂದಿ, ಕಸದ ಗುಂಡಿಗಳ ಮಣ್ಣನ್ನು ನೀರಿನಲ್ಲಿ ತೇಲಿಸಿ, ಕರಕಲಾದ ಕಾಳುಗಳನ್ನು ಹೆಕ್ಕಿ ಡೋರಿಯನ್ ಫುಲ್ಲರ್ ಮುಂತಾದವರು ಗುರುತಿಸಿದ್ದು ಹುರುಳಿ, ಹೆಸರು, ಕೊರಲೆ. ಹುರುಳಿಯನ್ನು ಪಳಗಿಸಿ ಬೆಳೆಯಾಗಿಸಿದ್ದೇ ಇಂಥ ದಕ್ಷಿಣದ ಹಳ್ಳಿಗಳಲ್ಲಿ. ಕಾಲುವೆಯಿಲ್ಲ, ಡ್ಯಾಮಿಲ್ಲ, ಮಳೆ ನಂಬಿದ ಬೇಸಾಯ. ಹುರುಳಿ ಎಂದರೆ ಮೂಗು ಮುರಿಯುತ್ತಿದ್ದ ಹುಡುಗ ಎರಡನೇ ಸಲ ಹಾಕಿಸಿಕೊಂಡ. ಹಸಿವೂ ಇತ್ತೆನ್ನಿ.

ಹೋಗಬಯಸುವವರಿಗೆ ಒಂದೆರಡು ಮಾತು. ನವೆಂಬರಿನಿಂದ ಫೆಬ್ರವರಿ ಒಳಗೆ ಹೋಗಿ. ಹಿರೇಗುಡ್ಡವನ್ನು ಒಂಬತ್ತರೊಳಗೆ ಇಳಿದುಬಿಡಬೇಕು, ಮೇಲೆ ನೆರಳಿಲ್ಲ. ಚಿತ್ರಗಳ ಜಾಗ ತಿಳಿದ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಇಲ್ಲದಿದ್ದರೆ ಬಂಡೆಗಳ ನಡುವೆ ಸುತ್ತಿ ಸುತ್ತಿ ಬರಿಗೈಯಲ್ಲಿ ಬರುತ್ತೀರಿ. ಮ್ಯೂಸಿಯಂ ತೆರೆದಿರುವ ವೇಳೆಯನ್ನು ಹಿಂದಿನ ದಿನವೇ ವಿಚಾರಿಸಿ. ಹೊಳೆ ತುಂಬಿ ಹರಿಯುವಾಗ ಹರಿಗೋಲು ಹತ್ತಬೇಡಿ. ಕಾಲಿಗೆ ಗಟ್ಟಿ ಬೂಟು, ತಲೆಗೊಂದು ಟವೆಲು, ತಲಾ ಎರಡು ಲೀಟರ್ ನೀರು. ಮಕ್ಕಳ ಚೀಲದಲ್ಲಿ ಸುತ್ತಿಗೆ ಇದ್ದರೆ ಮನೆಯಲ್ಲೇ ತೆಗೆದಿಡಿಸಿ.