ಕಾಗೆಯ ಹಾಡು, ಮಿಯಾನ ಜಂಬ

ವಯಸ್ಸಾದ ಮೇಲೂ ಮಕ್ಕಳ ಪುಸ್ತಕ ಓದುವ ಚಟ ಬಿಡದವರು ಒಮ್ಮೆ ಗುಜರಾತಿ ಬಾಲಸಾಹಿತ್ಯದೊಳಗೆ ಇಣುಕಬೇಕು. ಗೋಳುಹೊಯ್ದುಕೊಳ್ಳುವವರ ಎದುರು ನಿಲ್ಲುವುದನ್ನು ಅದು ಕಲಿಸುವ ರೀತಿಯೇ ಬೇರೆ. ನಮ್ಮ ಪುಣ್ಯಕೋಟಿಯ ಹುಲಿ ನಾಚಿ ಪ್ರಾಣ ಬಿಡುತ್ತದೆ. ಆದರೆ ಕೊನೆ ಬೆಂಚಿನ ಪುಂಡ ಹಾಗೆ ನಾಚುವವನಲ್ಲ ಎಂಬುದು ಏಳನೇ ತರಗತಿಯ ಯಾವ ಮಗುವಿಗೂ ಗೊತ್ತು. ಗಿಜುಭಾಯಿ ಬಧೇಕಾ ಇದನ್ನು ಬಲ್ಲವರು. ವಕೀಲಿ ಬಿಟ್ಟು ಮೇಷ್ಟರಾದ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಅವರು ಹೇಳಿದ ಆನಂದಿ ಕಾಗೆಯ ಕಥೆಯಲ್ಲಿ ಸಿಟ್ಟಾದ ರಾಜ ಕಾಗೆಯನ್ನು ಕೆಸರಿಗೆ ಎಸೆಯಿಸುತ್ತಾನೆ. ಜಾರಾಟ ಕಲಿಯುತ್ತಿದ್ದೇನೆ ಎಂದು ಅದು ಹಾಡುತ್ತದೆ. ಬಾವಿಗೆ ಹಾಕಿದರೆ ಈಜು ಕಲಿಯುತ್ತಿದ್ದೇನೆ, ಮುಳ್ಳಿನ ಮೇಲೆ ಎಸೆದರೆ ಕಿವಿ ಚುಚ್ಚಿಸಿಕೊಳ್ಳುತ್ತಿದ್ದೇನೆ ಎನ್ನುತ್ತದೆ. ಶಿಕ್ಷೆ ಬದಲಾದ ಹಾಗೆ ಹಾಡಿನಲ್ಲಿ ಒಂದು ಮಾತು ಬದಲಾಗುತ್ತದೆ, ಅಷ್ಟೇ. ಕೊನೆಗೆ ಸುಸ್ತಾಗುವವನು ರಾಜನೇ. ಕಾಗೆ ಯಾರನ್ನೂ ಕುಕ್ಕುವುದಿಲ್ಲ, ಯಾರ ಮನಸ್ಸನ್ನೂ ಪರಿವರ್ತಿಸುವುದಿಲ್ಲ. ರಾಜನಿಗೆ ಬೇಕಿದ್ದ ಅಳುವನ್ನು ಮಾತ್ರ ಕೊಡುವುದಿಲ್ಲ.

ಇದಕ್ಕೆ ತಕ್ಷಣ ಏಳುವ ಆಕ್ಷೇಪ ಸಣ್ಣದಲ್ಲ. ಪೆಟ್ಟು ತಿಂದು ಬಂದ ಮಗುವಿಗೆ 'ನೀನು ಗಮನ ಕೊಡಬೇಡ, ಅವರೇ ಸುಮ್ಮನಾಗ್ತಾರೆ' ಎಂದು ಕೈತೊಳೆದುಕೊಳ್ಳುವ ದೊಡ್ಡವರಿಗೆ ಈ ಕಾಗೆ ಒಳ್ಳೆಯ ನೆಪ ಆಗುವುದಿಲ್ಲವೇ? ಆಗುತ್ತದೆ, ಕಥೆಯನ್ನು ಉಪದೇಶ ಮಾಡಿಕೊಂಡರೆ. ಆದರೆ ಮಗು ಅದನ್ನು ಉಪದೇಶವಾಗಿ ಕೇಳುವುದಿಲ್ಲ, ಜೊತೆಗೆ ಹಾಡುತ್ತದೆ. ಆ ಹೊತ್ತಿನಲ್ಲಿ ಇಡೀ ತರಗತಿ ರಾಜನನ್ನು ನೋಡಿ ನಗುತ್ತಿರುತ್ತದೆ. ನನ್ನ ವಾದ ಇಷ್ಟೇ: ಕಾಟ ಕೊಡುವವನ ಬಲ ಇರುವುದು ತೋಳಿನಲ್ಲಿ ಕಡಿಮೆ, ಸುತ್ತ ನಿಂತು ನಗುವವರಲ್ಲಿ ಹೆಚ್ಚು. ಒಳ್ಳೆಯ ಮಕ್ಕಳ ಪುಸ್ತಕ ಆ ನಗುವಿನ ದಿಕ್ಕು ತಿರುಗಿಸುತ್ತದೆ. ಹೆದರಿದವನ ತಲೆಯ ಮೇಲಿಂದ ಅವಮಾನವನ್ನು ಇಳಿಸುತ್ತದೆ. ಧೈರ್ಯದ ಮಾತು ಆಮೇಲಿನದು.

ಅಹಮದಾಬಾದಿನ ಮಕ್ಕಳ ವಾರಪತ್ರಿಕೆ 'ಝಗಮಗ'ದ ಓದುಗರಿಗೆ ಜೀವರಾಮ ಜೋಶಿ ಕೊಟ್ಟ ಮಿಯಾ ಫುಸ್ಕಿಯನ್ನು ನೋಡಿ. ಕಡ್ಡಿಯಂಥ ಮೈ, ಬೆಟ್ಟದಂಥ ಜಂಬ, ಸಣ್ಣ ಸದ್ದಿಗೂ ನಡುಗುವ ಎದೆ. ಪಕ್ಕದಲ್ಲಿ ಗೆಳೆಯ ತಭಾ ಭಟ್ಟ. ಕಾಟ ಕೊಡಲು ಬಂದವರ ಎದುರು ಮಿಯಾನ ಕೈ ಸಾಗದು, ಬಾಯಿ ಮತ್ತು ಬುದ್ಧಿ ಮಾತ್ರ ಸಾಗುತ್ತವೆ. ಗುಜರಾತಿ ಕವಿ ಮೇಘಾಣಿಯವರ 'ಚಾರಣ ಕನ್ಯೆ'ಯಲ್ಲಿ ಗೀರ್ ಸೀಮೆಯ ಹುಡುಗಿ ದೊಣ್ಣೆ ಹಿಡಿದು ಸಿಂಹವನ್ನೇ ಅಟ್ಟುತ್ತಾಳೆ. ಆ ಪದ್ಯ ಮೈ ನವಿರೇಳಿಸುತ್ತದೆ, ನಿಜ. ಆದರೂ ಹೆದರುಪುಕ್ಕಲ ಮಗುವಿಗೆ ಅವಳು ದೂರದವಳು, ಮಿಯಾ ಪಕ್ಕದ ಮನೆಯವನು. ಪುಕ್ಕಲನನ್ನು, ಅದರಲ್ಲೂ ಒಬ್ಬ ಮುಸಲ್ಮಾನನನ್ನು ನಗೆಗೀಡು ಮಾಡುವುದೇ ಒಂದು ಬಗೆಯ ಕಾಟವಲ್ಲವೇ ಎಂದು ಯಾರಾದರೂ ಕೇಳಿಯಾರು. ಕೇಳಲೇಬೇಕಾದ ಪ್ರಶ್ನೆ, ಇವತ್ತಿನ ಅಹಮದಾಬಾದಿನಲ್ಲಂತೂ ಹೌದು. ಬರಿ ಗಡ್ಡ, ಟೋಪಿಗೆ ನಗಿಸುವ ಓದನ್ನು ನಾನು ಒಪ್ಪಲಾರೆ. ಆದರೆ ಇಲ್ಲಿ ಭಟ್ಟನ ಕಾಲೂ ಎಳೆಯಲಾಗುತ್ತದೆ, ಮಿಯಾನ ಸ್ನೇಹ ಮಾತ್ರ ಎಲ್ಲೂ ಹಗುರಾಗುವುದಿಲ್ಲ. ಸೂರತ್ತಿನ 'ಗಾಂಡೀವ' ಪತ್ರಿಕೆಯಲ್ಲಿ 1936ರಿಂದ ಬಂದ ಹರಿಪ್ರಸಾದ ವ್ಯಾಸರ ಬಕೋರ್ ಪಟೇಲ್ ಇನ್ನೂ ಮೃದು. ಜಪಾನಿನ ಆಟಿಕೆ ತರಿಸಿ ಮಾರುವ ಆಡು ಅವನು, ಗೆಳೆಯ ವಾಘಜಿ ವಕೀಲನೋ ಹುಲಿ! ತಿನ್ನುವವನೂ ತಿನ್ನಿಸಿಕೊಳ್ಳಬೇಕಾದವನೂ ಒಟ್ಟಿಗೆ ಕೂತು ಹರಟುವ ಆ ಲೋಕದಲ್ಲಿ ಎದುರು ನಿಲ್ಲುವ ಪ್ರಮೇಯವೇ ಬರುವುದಿಲ್ಲ. ಅದು ಆಸೆಯ ಲೋಕ, ಇರಲಿ.

ನಗು ಎಲ್ಲ ಕಡೆ ನಡೆಯದು ಎಂಬ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ, ಇರುವುದು ಇನ್ನೊಂದು ಪುಸ್ತಕ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲೇ ಶಾಲೆಯಲ್ಲಿ ಮಕ್ಕಳಿಗೆ ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮಕ್ಕಳು ಮಕ್ಕಳಿಗೇ ಕೊಡುವ ಕಾಟ, ಜಾತಿ ಹಿಡಿದು ಆಡುವ ಮಾತು ಮಾತ್ರ ಮೇಷ್ಟರ ಕಣ್ಣು ತಪ್ಪಿಸಿಯೇ ನಡೆಯುವಂಥವು. ಅದಕ್ಕೇ ಹದಿಹರೆಯದವರ ಕೈಗೆ ಅಂಬೇಡ್ಕರರು ಸ್ವಂತ ಅನುಭವ ಬರೆದಿಟ್ಟ 'ವೇಟಿಂಗ್ ಫಾರ್ ಎ ವೀಸಾ' ಕೊಡಬೇಕು. ಮಕ್ಕಳಿಗೆಂದು ಬರೆದದ್ದಲ್ಲ, ಪುಸ್ತಕವಾದದ್ದೂ 1990ರಲ್ಲಿ. ಆದರೂ ಅಷ್ಟು ತೆಳುವಾದ, ಅಷ್ಟು ನೇರವಾದ ಗದ್ಯ ಸಿಗುವುದು ಅಪರೂಪ. ವಿದೇಶದಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದ ಯುವಕನಿಗೆ, ಅಸ್ಪೃಶ್ಯನೆಂಬ ಕಾರಣಕ್ಕೆ, ಊರಲ್ಲಿ ತಂಗಲು ಜಾಗವಿಲ್ಲ. ಪಾರ್ಸಿ ಹೆಸರಿನಲ್ಲಿ ಪಾರ್ಸಿ ಛತ್ರ ಸೇರುತ್ತಾನೆ. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಹನ್ನೆರಡು ಮಂದಿ ಬಾಗಿಲಿಗೆ ಬರುತ್ತಾರೆ. ಇಲ್ಲಿ ಕಾಗೆಯ ಹಾಡಿಲ್ಲ, ಮಿಯಾನ ಚಾತುರ್ಯವಿಲ್ಲ, ಗೆಲುವೂ ಇಲ್ಲ. ಕಾಮಾಠಿ ಬಾಗ್ ಉದ್ಯಾನದಲ್ಲಿ ಕೂತು ಹೊತ್ತು ಕಳೆದು, ರಾತ್ರಿಯ ಬೊಂಬಾಯಿ ರೈಲು ಹತ್ತುವುದಷ್ಟೇ ಉಳಿಯುತ್ತದೆ. ಸೋತ ಕಥೆ ಮಕ್ಕಳನ್ನು ಕುಗ್ಗಿಸುತ್ತದೆ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನಡೆದದ್ದನ್ನು ನಡೆದ ಹಾಗೇ, ತನ್ನದೇನೂ ತಪ್ಪಿಲ್ಲವೆಂಬ ಗಟ್ಟಿತನದಲ್ಲಿ ಬರೆದಿಡುವುದೂ ಎದುರು ನಿಲ್ಲುವುದೇ. ತರಗತಿಯಲ್ಲಿ ಇದನ್ನು ಓದಿಸುವವರು ದೊಣ್ಣೆ ಹಿಡಿದವರ ಬಗ್ಗೆ ಹೆಚ್ಚು ಹೊತ್ತು ಮಾತಾಡಬೇಕಿಲ್ಲ. ಅವರು ಯಾರಿಗೂ ಅರ್ಥವಾಗುವವರೇ. ಆಸರೆ ಕೇಳಿ ಹೋದ ಇಬ್ಬರು ಗೆಳೆಯರ ಪುಟದಲ್ಲಿ ನಿಲ್ಲಬೇಕು: ನೀವು ಬಂದರೆ ಮನೆಯ ಆಳುಗಳು ಬಿಟ್ಟುಹೋಗುತ್ತಾರೆ ಎಂದವನೊಬ್ಬ, ನಾಳೆ ಬರುವ ಹೆಂಡತಿಯನ್ನು ಕೇಳಬೇಕು ಎಂದವನಿನ್ನೊಬ್ಬ. ಇಬ್ಬರೂ ಸಭ್ಯರು, ಇಬ್ಬರೂ ದೊಣ್ಣೆ ಹಿಡಿದವರಲ್ಲ.