ಅಜ್ಜಿಯ ಸಂದೂಕ

ಆದೋನಿ ಹತ್ತಿಯ ಊರು. ಅದರ ಸುತ್ತಲಿನ ಹಳ್ಳಿಗಳಲ್ಲಿ ಎರೆಹೊಲಗಳಲ್ಲಿ ಹತ್ತಿ, ಕೆಂಪು ಹೊಲಗಳಲ್ಲಿ ಶೇಂಗಾ ಬೆಳೆಯುತ್ತಾರೆ. ಹಿಂದೆ ಪೇಟೆಯ ಅಂಗಡಿಗಳಲ್ಲಿ ಹಣ ಇಡಲು ಮರದ ಗಲ್ಲಾಪೆಟ್ಟಿಗೆ ಇರುತ್ತಿತ್ತು. ಅದರ ಮುಚ್ಚಳ ಇಳಿಜಾರಾಗಿರುತ್ತಿತ್ತು. ಸಾಹುಕಾರರು ಅದರ ಮೇಲೆಯೇ ಪುಸ್ತಕ ಇಟ್ಟು ಲೆಕ್ಕ ಬರೆಯುತ್ತಿದ್ದರು. ಹಳ್ಳಿಯ ಮನೆಗಳಲ್ಲಿ ಇನ್ನೂ ದೊಡ್ಡ ಪೆಟ್ಟಿಗೆ ಇರುತ್ತಿತ್ತು. ಅದಕ್ಕೆ ನಾವು ಸಂದೂಕ ಎನ್ನುತ್ತಿದ್ದೆವು. ಬಟ್ಟೆ, ಕೌದಿ, ಹಿತ್ತಾಳೆ ಪಾತ್ರೆ, ಹೊಲದ ಪತ್ರ ಎಲ್ಲವೂ ಅದರಲ್ಲೇ. ಕಬ್ಬಿಣದ ಬೀರು ಬಂದ ಮೇಲೆ ಸಂದೂಕಗಳು ಮೂಲೆ ಸೇರಿದವು.

ನಮ್ಮ ಊರು ಆದೋನಿಯಿಂದ ಹೊಳಗುಂದಕ್ಕೆ ಹೋಗುವ ದಾರಿಯಲ್ಲಿದೆ. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಒಳಕೋಣೆಯಲ್ಲಿ ಅಜ್ಜಿಯ ಸಂದೂಕ ಇತ್ತು. 2002ರಲ್ಲಿ ಮಳೆ ಕೈಕೊಟ್ಟಿತು. ಶೇಂಗಾ ಗಿಡಗಳು ಕಾಯಿ ಕಟ್ಟುವ ಮೊದಲೇ ಒಣಗಿದವು. ಮರುವರ್ಷ ಬಿತ್ತಲು ಮನೆಯಲ್ಲಿ ಬೀಜ ಉಳಿಯಲಿಲ್ಲ. ಕೊಳ್ಳಲು ಹಣವೂ ಇರಲಿಲ್ಲ. ನಾನು ಆಗ ಐದನೆಯ ತರಗತಿಯಲ್ಲಿದ್ದೆ.

ಬೇಸಿಗೆಯಲ್ಲಿ ಹಳೆಯ ಸಾಮಾನು ಕೊಳ್ಳುವ ವ್ಯಾಪಾರಿಯೊಬ್ಬರು ಊರಿಗೆ ಬಂದರು. ಸಂದೂಕವನ್ನು ನೋಡಿ, "ಅವ್ವಾ, ಇದು ಮೂವತ್ತು ವರ್ಷದ ಪೆಟ್ಟಿಗೆ. ಆರು ನೂರು ರೂಪಾಯಿ ಕೊಡುತ್ತೇನೆ" ಎಂದರು.

"ಮೂವತ್ತು ವರ್ಷವೇ! ಇದು ನನ್ನ ಅತ್ತೆಯ ಅತ್ತೆಯದು. ಇನ್ನೂರು ವರ್ಷದ್ದು" ಎಂದಳು ಅಜ್ಜಿ.

ಇಬ್ಬರೂ ಗಟ್ಟಿಯಾಗಿಯೇ ಹೇಳಿದರು. ಯಾರ ಮಾತು ನಿಜ? ವ್ಯಾಪಾರಿ ನಾಳೆ ಬರುತ್ತೇನೆಂದು ಹೋದರು. ಅಜ್ಜಿ ನನ್ನನ್ನು ಕರೆದು, "ಹೋಗಿ ಬಡಿಗೇರ ಅಜ್ಜನನ್ನು ಕರೆದುಕೊಂಡು ಬಾ" ಎಂದಳು.

ಬಡಿಗೇರ ಅಜ್ಜ ಬಂದವರೇ ಸಂದೂಕದ ಮುಂಭಾಗವನ್ನು ನೋಡಲೇ ಇಲ್ಲ. "ಇದನ್ನು ಮಗ್ಗುಲಿಗೆ ಹೊರಳಿಸಿರಿ. ಎಲ್ಲರಿಗೂ ಕಾಣುವ ಕಡೆ ಬಣ್ಣ ಬಳಿದಿರುತ್ತಾರೆ. ಯಾರೂ ನೋಡದ ಕಡೆ ಮರ ನಿಜ ಹೇಳುತ್ತದೆ" ಎಂದರು. ನಾನು ಬ್ಯಾಟರಿ ಹಿಡಿದು ಬೆಳಕು ಬಿಟ್ಟೆ.

ತಳದ ಹಲಗೆಯ ಮೇಲೆ ಗರಗಸದ ಗೆರೆಗಳಿದ್ದವು. ಅವು ನೆಟ್ಟಗಿದ್ದವು, ಆದರೆ ಒಂದು ಒತ್ತಾಗಿ, ಒಂದು ದೂರವಾಗಿ ಇದ್ದವು. ಕೈಗರಗಸದಿಂದ ಕೊಯ್ದರೆ ಹಾಗಾಗುತ್ತದೆ. ಯಂತ್ರದ ದುಂಡು ಗರಗಸವಾದರೆ ಗೆರೆಗಳು ಬಿಲ್ಲಿನಂತೆ ಬಾಗಿರುತ್ತವೆ. ಅಜ್ಜ ಮೂಲೆಗಳನ್ನು ತೋರಿಸಿದರು. ಎರಡು ಕೈಗಳ ಬೆರಳುಗಳನ್ನು ಹೆಣೆದಂತೆ ಎರಡು ಹಲಗೆಗಳು ಒಂದರೊಳಗೊಂದು ಸೇರಿದ್ದವು. ಆ ಬೆರಳುಗಳಲ್ಲಿ ಒಂದು ದಪ್ಪ, ಇನ್ನೊಂದು ಸಣ್ಣ. ಉಳಿ ಹಿಡಿದ ಕೈಯ ಗುರುತು ಅದು. ಮರ ತೇಗ. ನಮ್ಮ ಹೊಲದ ಬದುಗಳಲ್ಲಿ ಬೇವು, ಜಾಲಿ ಬೆಳೆಯುತ್ತವೆ; ತೇಗ ಬೆಳೆಯುವುದಿಲ್ಲ. ಮದ್ರಾಸಿನಿಂದ ಆದೋನಿಯ ಮೇಲೆ ರಾಯಚೂರಿಗೆ 1871ರಲ್ಲಿ ರೈಲುದಾರಿ ಪೂರ್ಣವಾಯಿತು. ಆಮೇಲೆ ದೂರದ ಮರ ಪೇಟೆಗೆ ಬರುವುದು ಸುಲಭವಾಯಿತು.

ಅಷ್ಟರಲ್ಲಿ ಅಜ್ಜಿಯ ಮುಖ ಅರಳಿತ್ತು. ಬಡಿಗೇರ ಅಜ್ಜ ಮಾತ್ರ ತಲೆ ಅಲ್ಲಾಡಿಸಿದರು. "ಅಕ್ಕಾ, ಈ ಮೊಳೆ ನೋಡು" ಎಂದರು. ತಳದ ಹಲಗೆಗೆ ಹೊಡೆದ ಮೊಳೆಗಳು ದುಂಡಗಿದ್ದವು. ಹಿಂದೆ ಕಮ್ಮಾರರು ಒಂದೊಂದೇ ಮೊಳೆಯನ್ನು ಬಡಿದು ಮಾಡುತ್ತಿದ್ದರು. ಅವು ಚೌಕವಾಗಿರುತ್ತಿದ್ದವು. ತಂತಿಯಿಂದ ಕಾರ್ಖಾನೆಯಲ್ಲಿ ಮಾಡಿದ ದುಂಡು ಮೊಳೆಗಳು ಹೆಚ್ಚಾಗಿ ಬಳಕೆಗೆ ಬಂದದ್ದು 19ನೆಯ ಶತಮಾನದ ಕೊನೆಗೆ.

"ಮೊಳೆಗಳನ್ನು ಆಮೇಲೆ ಬದಲಾಯಿಸಿರಬಹುದಲ್ಲ?" ಎಂದು ನಾನು ಕೇಳಿದೆ.

ಅಜ್ಜನಿಗೆ ನನ್ನ ಪ್ರಶ್ನೆ ಇಷ್ಟವಾಯಿತು. ಮುಚ್ಚಳದ ಕೀಲನ್ನು ತೋರಿಸಿದರು. ಅದರ ಪಕ್ಕದಲ್ಲಿ ಹಳೆಯ ಖಾಲಿ ತೂತುಗಳಿದ್ದವು. ಅಂದರೆ ಕೀಲನ್ನು ಯಾರೋ ಬದಲಾಯಿಸಿದ್ದರು. ತಳದಲ್ಲಿ ಅಂಥ ಖಾಲಿ ತೂತು ಒಂದೂ ಇರಲಿಲ್ಲ. ಅಲ್ಲಿದ್ದವು ಮೊದಲಿನ ಮೊಳೆಗಳೇ. ಹಾಗಾದರೆ ಸಂದೂಕ ಇನ್ನೂರು ವರ್ಷದ್ದಲ್ಲ!

ಇನ್ನು ಮೂವತ್ತು ವರ್ಷದ ಮಾತು. ಅದಕ್ಕೆ ಉತ್ತರ ಮುಚ್ಚಳದ ಒಳಗಡೆ ಇತ್ತು. ಅಲ್ಲಿ ಅಂಟಿಸಿದ್ದ ಹಳದಿ ಕಾಗದವನ್ನು ನಾನು ಎಷ್ಟೋ ಸಲ ನೋಡಿದ್ದೆ, ಓದಿರಲಿಲ್ಲ. ಅದು ಹತ್ತಿ ಮಾರಿದ ಚೀಟಿ. ತಾರೀಖಿನ ಜಾಗ ಹರಿದುಹೋಗಿತ್ತು. ಆದರೆ ಮೇಲೆ "ಆದವಾನಿ ತಾಲ್ಲೂಕು, ಬಳ್ಳಾರಿ ಜಿಲ್ಲೆ" ಎಂದು ಅಚ್ಚಾಗಿತ್ತು. ಆದವಾನಿ ಎಂದರೆ ಆದೋನಿಯೇ. ಆದರೆ ನಮ್ಮದು ಕರ್ನೂಲು ಜಿಲ್ಲೆಯಲ್ಲವೇ? 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಆಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಬಂದವು. ಅದಕ್ಕೂ ಮೊದಲು ನಮ್ಮ ಊರು ಬಳ್ಳಾರಿ ಜಿಲ್ಲೆಯಲ್ಲಿತ್ತು. ಚೀಟಿಯ ಲೆಕ್ಕವೂ ರೂಪಾಯಿ, ಆಣೆ, ಪೈಗಳಲ್ಲಿತ್ತು. ಹದಿನಾರು ಆಣೆಗೆ ಒಂದು ರೂಪಾಯಿ, ಹನ್ನೆರಡು ಪೈಗೆ ಒಂದು ಆಣೆ. ರೂಪಾಯಿಗೆ ನೂರು ಪೈಸೆಯ ಲೆಕ್ಕ ಬಂದದ್ದು 1957ರಲ್ಲಿ.

"ಹಳೆಯ ಕಾಗದವನ್ನು ಹೊಸ ಪೆಟ್ಟಿಗೆಗೂ ಅಂಟಿಸಬಹುದು. ಒಂದೇ ಸಾಕ್ಷಿಯನ್ನು ನಂಬಬಾರದು" ಎಂದರು ಅಜ್ಜ. ಕಾಗದದ ಒಂದು ಮೂಲೆ ಎದ್ದಿತ್ತು. ಅದರ ಅಡಿಯಲ್ಲಿ ಮರ ತಿಳಿಬಣ್ಣದ್ದಾಗಿತ್ತು; ಸುತ್ತಲೂ ಕಂದಾಗಿತ್ತು. ಮರ ಹೊಸದಾಗಿದ್ದಾಗಲೇ ಕಾಗದ ಅಂಟಿಸಿದ್ದರು ಎಂದು ಅದರಿಂದ ತಿಳಿಯಿತು. ಹೊಸ ಕೀಲಿನ ಒಂದು ತುದಿ ಕಾಗದದ ಮೇಲೆಯೇ ಕೂತಿತ್ತು. ಮೊದಲು ಪೆಟ್ಟಿಗೆ, ಆಮೇಲೆ ಕಾಗದ, ಆಮೇಲೆ ಕೀಲು. ನನಗಂತೂ ಇಡೀ ಸಂದೂಕದಲ್ಲಿ ಆ ಕಾಗದದ ಮೂಲೆಯೇ ಎಲ್ಲಕ್ಕಿಂತ ಸೊಗಸಾಗಿ ಕಂಡಿತು.

"ಐವತ್ತು ವರ್ಷಕ್ಕೆ ಕಡಿಮೆಯಿಲ್ಲ. ನೂರರ ಹತ್ತಿರವೂ ಇರಬಹುದು. ಅದಕ್ಕಿಂತ ಹೆಚ್ಚು ನಾನು ಹೇಳಲಾರೆ" ಎಂದು ಬಡಿಗೇರ ಅಜ್ಜ ಕನ್ನಡಕ ತೆಗೆದರು.

ಚಿಕ್ಕಪ್ಪ ಮೆಲ್ಲಗೆ, "ಇನ್ನೂರೆಂದೇ ಹೇಳೋಣ. ಬೆಲೆ ಹೆಚ್ಚು ಸಿಗುತ್ತದೆ" ಎಂದ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹತ್ತಿ ತೂಗುವಾಗ ತಕ್ಕಡಿ ಸರಿಯಿಲ್ಲವೆಂದು ನಾವೇ ಜಗಳವಾಡುತ್ತೇವೆ. ಈಗ ನಮ್ಮ ಕೈಯಲ್ಲಿ ತಕ್ಕಡಿ ಇದೆ. ಇದ್ದದ್ದನ್ನೇ ಹೇಳು" ಎಂದಳು.

ಮರುದಿನ ವ್ಯಾಪಾರಿ ಬಂದಾಗ ಅಜ್ಜಿ ಮೊಳೆಯನ್ನೂ ತೋರಿಸಿದಳು, ಕಾಗದವನ್ನೂ ತೋರಿಸಿದಳು. ಅವರು ಮತ್ತೆ ಮೂವತ್ತು ವರ್ಷವೆಂದು ಹೇಳಲಿಲ್ಲ. ಸಂದೂಕದ ಒಳಗೆಲ್ಲ ಬೆರಳಾಡಿಸಿದರು. ಮರದಲ್ಲಿ ಸಣ್ಣ ತೂತುಗಳಿದ್ದು, ಅವುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಒಳಗೆ ಹುಳು ಇದೆ ಎಂದು ಅರ್ಥ. ಇಲ್ಲಿ ಪುಡಿ ಇರಲಿಲ್ಲ, ಗೆದ್ದಲೂ ಇರಲಿಲ್ಲ.

ಇರುವುದಾದರೂ ಹೇಗೆ? ಅಜ್ಜಿ ಸಂದೂಕವನ್ನು ನೆಲಕ್ಕೆ ತಾಗಿಸದೆ ನಾಲ್ಕು ಕಲ್ಲುಗಳ ಮೇಲೆ ಇಟ್ಟಿದ್ದಳು. ಗೋಡೆಗೂ ಅದಕ್ಕೂ ನಡುವೆ ಒಂದು ಗೇಣು ಜಾಗ ಬಿಟ್ಟಿದ್ದಳು. ಗೆದ್ದಲು ಮಣ್ಣಿನ ದಾರಿ ಕಟ್ಟಿದರೆ ಕೂಡಲೇ ಕಣ್ಣಿಗೆ ಬೀಳುತ್ತಿತ್ತು. ಒಣಗಿದ ಬೇವಿನ ಎಲೆಗಳನ್ನು ಬಟ್ಟೆಗಳ ನಡುವೆ ಹಾಕುತ್ತಿದ್ದಳು. ನೀರು ಹಾಕಿ ತೊಳೆಯುತ್ತಿರಲಿಲ್ಲ, ಬಿಸಿಲಿಗೂ ಇಡುತ್ತಿರಲಿಲ್ಲ. ನಮ್ಮ ಬೇಸಿಗೆಯ ಬಿಸಿಲಿಗೆ ಹಲಗೆ ಸೀಳುತ್ತದೆ. ಚಿಕ್ಕಮ್ಮ ಒಮ್ಮೆ ಶೇಂಗಾ ಎಣ್ಣೆ ಸವರಲು ಹೊರಟಾಗ ಅಜ್ಜಿ ತಡೆದಿದ್ದಳು. ಆ ಎಣ್ಣೆ ಮರದ ಮೇಲೆ ಆರದೆ ಜಿಗುಟಾಗಿ ಧೂಳು ಹಿಡಿಯುತ್ತದೆ. ಅಗಸೆ ಎಣ್ಣೆಯಾದರೆ ಆರುತ್ತದೆ. ದೊಡ್ಡವರು ಅದನ್ನು ತೆಳುವಾಗಿ ಸವರಿ ಒರೆಸಬೇಕು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು; ಅದು ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಹುದು. ಅಜ್ಜಿಯ ಇನ್ನೊಂದು ಕಟ್ಟಪ್ಪಣೆ ನಮಗೆ: ಕಣ್ಣಾಮುಚ್ಚಾಲೆ ಆಡುವಾಗ ಸಂದೂಕದೊಳಗೆ ಅವಿತುಕೊಳ್ಳಬಾರದು. ಮುಚ್ಚಳ ಬಿದ್ದರೆ ಒಳಗೆ ಉಸಿರಾಡಲು ಗಾಳಿ ಸಾಲದು.

ಕೊನೆಗೆ ಎರಡು ಸಾವಿರದ ಐನೂರು ರೂಪಾಯಿಗೆ ಮಾತಾಯಿತು. ಗಾಡಿಗೆ ಏರಿಸುವಾಗ ಹಗ್ಗ ಅಂಚನ್ನು ಕೊರೆಯದಿರಲೆಂದು ಅಜ್ಜಿ ಹಳೆಯ ಕೌದಿಯೊಂದನ್ನು ತಂದು ಸುತ್ತಿದಳು. "ಗೋಡೆಗೆ ಒತ್ತಿ ಇಡಬೇಡಪ್ಪಾ. ಆ ಕಾಗದವನ್ನು ಕೀಳಬೇಡ" ಎಂದು ವ್ಯಾಪಾರಿಗೆ ಎರಡೆರಡು ಸಲ ಹೇಳಿದಳು.

ಒಳಕೋಣೆಯಲ್ಲಿ ನಾಲ್ಕು ಕಲ್ಲುಗಳು ಮಾತ್ರ ಉಳಿದವು. ಮುಂದಿನ ವಾರ ಅವುಗಳ ಮೇಲೆ ಹಲಗೆ ಹಾಸಿ, ಅಜ್ಜಿ ಶೇಂಗಾ ಬೀಜದ ಚೀಲಗಳನ್ನು ಇಡಿಸಿದಳು.